ಮುದ್ದೆಯ ಊಟೋಪಚಾರ

ಹೊನ್ನಾಳಿಯ ಶುದ್ಧ ಸಸ್ಯಾಹಾರಿ ಮನೆಯೊಂದರಲ್ಲಿ ಹೆಬ್ಬಾವಿನ ಮರಿ ಸಾಕಿದರೆ ತಮಾಷೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ.

ಕಿಟಕಿ ಪಕ್ಕದ ಸೀಟು

ಶಿವಮೊಗ್ಗದ ನನ್ನ ಗೆಳತಿಗೆ ಮದುವೆ ಗೊತ್ತಾಯಿತು. ಹುಡುಗನಿಗೆ ಹಾವು ಕಂಡರೆ ಆಗದು. ಹುಡುಗನನ್ನೇ ಬಿಡುವ ಯೋಚನೆಯನ್ನೂ ಮಾಡಿದಳಂತೆ. ಕೊನೆಗೆ ತನ್ನ ಬಾಲ್ ಪೈಥಾನ್ ಜಾತಿಯ ಹೆಬ್ಬಾವಿನ ಮರಿಯನ್ನು ಕಾಗದಪತ್ರದ ಸಮೇತ ನನಗೆ ಕೊಟ್ಟಳು. ಆಫ್ರಿಕಾ ಮೂಲದ್ದು, ವಿಷವಿಲ್ಲ, ಮಹಾ ಸಾಧು. ಗಾಳಿಯಾಡುವ ಡಬ್ಬಿಯಲ್ಲಿಟ್ಟು ನ್ಯಾಮತಿ ಮೇಲೆ ಹೋಗುವ ಬಸ್ ಹತ್ತಿದೆ.

"ಏನಮ್ಮಾ ಡಬ್ಬಿನಾಗೆ? ಮೊಲ ಗಿಲ ಐತೇನು?" ಅಂದ ಕಂಡಕ್ಟರ್.

ನಾನು ಪಿಸುಮಾತಿನಲ್ಲಿ ಹೇಳಿದೆ. "ಜೋರಾಗಿ ಹೇಳಮ್ಮ" ಅಂದ. ನನ್ನದೊಂದು ತೊಂದರೆ: ಜೋರಾಗಿ ಹೇಳು ಅಂದರೆ ದನಿ ಅಳತೆ ಮೀರುತ್ತದೆ. "ಹಾವು!" ಅಂದಿದ್ದು ಡ್ರೈವರ್‌ಗೂ ಕೇಳಿಸಿ ಬಸ್ಸು ಒಮ್ಮೆ ಓಲಾಡಿತು. ನನ್ನ ಪಕ್ಕದವರಿಬ್ಬರೂ ಎದ್ದು ಹೋಗಿ ಬಾಗಿಲ ಹತ್ತಿರ ನೇತಾಡಿದರು.

ನ್ಯಾಮತಿಯಲ್ಲಿ ಹತ್ತಿದ ಹೆಂಗಸೊಬ್ಬರು, "ಮೂರು ಜನದ ಸೀಟಾಗೆ ಒಬ್ಳೇ ಕುಂತೀಯಲ್ಲ, ಸರಿ ಅತ್ಲಾಗೆ" ಅಂದರು. ಕಂಡಕ್ಟರೇ ಉತ್ತರ ಕೊಟ್ಟ: "ಮೂರು ಜನದ ಲೆಕ್ಕ ಸರಿಯಾಗೇ ಐತಮ್ಮ. ಒಂದು ಈ ಹುಡುಗಿ, ಒಂದು ಹಾವು, ಧೈರ್ಯ ಇದ್ರೆ ಇನ್ನೊಂದು ನೀನು."

ನಾಮಕರಣ

ಮರಿ ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗುತ್ತದೆ. ಮೊದಲ ಸಲ ನೋಡಿದ ಅಜ್ಜಿ, "ಇದೇನೇ, ರಾಗಿ ಮುದ್ದೆ ಇದ್ದಂಗೈತೆ!" ಅಂದರು. ಅಲ್ಲಿಗೆ ಹೆಸರೂ ಆಯಿತು.

ಅಮ್ಮ ಮಾತ್ರ ನಗಲಿಲ್ಲ. ಗಾಜಿನ ಪೆಟ್ಟಿಗೆ, ಅದರ ಕೆಳಗಿನ ಹೀಟಿಂಗ್ ಪ್ಯಾಡು, ಒಳಗೆ ಅಡಗಲು ಇಟ್ಟ ತೆಂಗಿನ ಚಿಪ್ಪು, ಎಲ್ಲವನ್ನೂ ಬಾಗಿಲಲ್ಲೇ ನಿಂತು ನೋಡಿ ತೀರ್ಪು ಕೊಟ್ಟರು: "ಈ ಮನೆಗೆ ಹೊಂದ್ಕೊಂಡು, ಉಂಡ್ಕೊಂಡು ಇದ್ರೆ ಇರ್ಲಿ. ಇಲ್ಲಾಂದ್ರೆ ಗೌರಿ ಹಬ್ಬದೊಳಗೆ ವಾಪಸ್ ಬಿಟ್ಟು ಬಾ. ಇಲಿ ಗಿಲಿ ಅಂತ ಅಡಿಗೆಮನೆ ಹೊಸ್ತಿಲು ದಾಟಿಸಿದ್ಯೋ, ನಿನ್ನನ್ನೂ ಅದರ ಜತೆಗೇ ಕಳಿಸ್ತೀನಿ."

ಗೆಳತಿಯ ಪರಿಚಯದವರೊಬ್ಬರು ಶಿವಮೊಗ್ಗದಲ್ಲಿ ಅದನ್ನು ಸಾಕಲು ತಯಾರಿದ್ದರು. ಅದಕ್ಕೇ ನನಗೆ ಭಯ. ಅಷ್ಟರಲ್ಲಾಗಲೇ ನನಗೆ ಮುದ್ದೆಯ ಮೇಲೆ ಜೀವ ಬಂದಿತ್ತು. ನೆಂಟರು ಬಂದರೆ ಅದು ಚಿಪ್ಪಿನೊಳಗೆ, ನಾನು ರೂಮಿನೊಳಗೆ. ಒಮ್ಮೆ ಬಂದ ದೊಡ್ಡಮ್ಮ, "ಎಲ್ಲಿ, ಹುಡುಗಿ ಕಾಣ್ತಿಲ್ಲ?" ಅಂತ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು: "ರೂಮಿನಾಗೆ ಐತೆ. ಅದೂ ಮುದ್ದೆ ಆಗೈತೆ."

ಕೋಳಿ ಅಂಗಡಿ

ಮುದ್ದೆಯ ಆಹಾರ ಫ್ರೀಜ್ ಮಾಡಿದ ಪುಟ್ಟ ಇಲಿ. ಗೆಳತಿ ಒಂದು ಡಬ್ಬಿ ತುಂಬ ಕಳಿಸಿದ್ದಳು. ನಮ್ಮ ಫ್ರಿಜ್ಜಿನಲ್ಲಿ ಇಡುವ ಮಾತೇ ಇಲ್ಲ. ಕೋಳಿ ಅಂಗಡಿಯವರ ಫ್ರೀಜರಿನಲ್ಲಿ ಜಾಗ ಕೇಳೋಣವೆಂದು ಹೋಗಿ, ಎಲ್ಲ ಗಿರಾಕಿಗಳೂ ಕರಗುವವರೆಗೆ ನಿಂತು, ವಿಷಯ ಹೇಳಿದೆ. ಅವರು ನಗಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. "ಇಡಮ್ಮ, ಅದಕ್ಕೇನಂತೆ. ಡಬ್ಬಿ ಮ್ಯಾಲೆ ಮಾತ್ರ ದೊಡ್ಡದಾಗಿ ಬರಿ. ನಮ್ಮ ಹುಡುಗ್ರು ಅರ್ಜೆಂಟಿನಾಗೆ ಯಾರಿಗಾದ್ರೂ ಕಟ್ಟಿ ಕೊಟ್ಟಾರು" ಅಂದರು.

ಊಟದ ದಿನ ಡಬ್ಬಿಯಿಂದ ಒಂದನ್ನು ತಂದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಚ್ಚಲ ಬಿಸಿನೀರಿನಲ್ಲಿ ಕವರ್ ಸಮೇತ ನೆನೆಸುತ್ತಿದ್ದೆ. ಮನೆಯೊಳಗಿನಿಂದ ಬಂದರೆ ಅಡಿಗೆಮನೆ, ದೇವರಮನೆ ಎರಡೂ ಸಿಗುತ್ತವೆ. ಹಾಗಾಗಿ ದುಪಟ್ಟಾದಲ್ಲಿ ಮುಚ್ಚಿಕೊಂಡು ಸಂದಿಯಲ್ಲಿ ಸುತ್ತಿ, ಎದುರು ಮನೆಯವರು ಒಳಗೆ ಹೋಗುವ ತನಕ ಕಾಂಪೌಂಡಿಗೆ ಅಂಟಿ ನಿಂತು, ಮುಂಬಾಗಿಲಿನಿಂದ ರೂಮು ಸೇರುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಸುದ್ದಿ ಅಪ್ಪನ ಗೊಬ್ಬರದ ಅಂಗಡಿ ತಲುಪಿತು. ತ್ಯಾವಣಿಗೆಯಿಂದ ಬಂದ ಹಳೇ ಗಿರಾಕಿಯೊಬ್ಬರು, "ಯಜಮಾನ್ರೇ, ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಹುಡುಗಿ ಕೋಳಿ ಅಂಗಡಿ ಮುಂದೆ ಕಂಡ್ಲು" ಅಂದರಂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಇದನ್ನು ಹೇಳಿದರು.

"ಹಾವಿಗೆ ಅಂತ ಹೇಳ್ಬೇಕಿತ್ತಪ್ಪ" ಅಂದೆ.

"ಹೇಳಾಕೆ ಬಾಯಿ ತೆಗೆದೆ. ಆಮ್ಯಾಲೆ ಅನ್ನಿಸ್ತು, ಮಗಳು ಕೋಳಿ ತಿಂತಾಳೆ ಅಂದ್ರೆ ಮರ್ಯಾದೆ ಅರ್ಧ ಆದ್ರೂ ಉಳೀತೈತೆ."

ಪಂಚಮಿ

ನಾಗರ ಪಂಚಮಿಯ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಹಾಲು, ಅರಿಶಿನ, ಎಳ್ಳುಂಡೆ ಹಿಡಿದು ನಮ್ಮ ಬಾಗಿಲಲ್ಲಿ ಸಾಲು ನಿಂತಿದ್ದರು. ಹಾಲೆರೆಯಲು ದೂರ ಯಾಕೆ ಹೋಗಬೇಕು, ನಾಗಪ್ಪ ಬೀದಿಯಲ್ಲೇ ಇದ್ದಾನಲ್ಲ! ಹಾವು ಹಾಲು ಕುಡಿಯುವುದಿಲ್ಲ, ಮೇಲೆ ಸುರಿದರೆ ಅದಕ್ಕೆ ಕಷ್ಟ ಅಂತ ನನಗೆ ಗೊತ್ತು. ಆದರೆ ಅಷ್ಟು ಜನರ ಮುಂದೆ ಬಾಯಿ ಬರಬೇಕಲ್ಲ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಹೊರಗಿಂದ ಕೈ ಮುಗೀರಿ, ಸಾಕು. ಹಾಲು ಹಾಕಂಗಿಲ್ಲ. ನಮ್ಮ ಹುಡುಗಿ ಓದ್ಕೊಂಡೈತೆ."

ಒಬ್ಬರು ಇಣುಕಿ, "ಹೆಡೆನೇ ಇಲ್ಲಲ್ರೀ ಅಜ್ಜಿ ಇದಕ್ಕೆ!" ಅಂದರು.

"ಆಫ್ರಿಕಾದ್ದು ಕಣಮ್ಮ. ಅಲ್ಲಿ ಬಿಸಿಲು ಜಾಸ್ತಿ, ಯಾರು ಹೊತ್ಕೊಂಡು ತಿರುಗ್ತಾರೆ?"

ಎಲ್ಲರೂ ತಲೆಯಾಡಿಸಿದರು. ತಂದ ಹಾಲನ್ನೆಲ್ಲ ಅಜ್ಜಿ ಒಂದೇ ಪಾತ್ರೆಗೆ ಬಗ್ಗಿಸಿ ಚಹಾ ಕಾಸಿ, ಅದೇ ಹೆಂಗಸರಿಗೇ ಕುಡಿಸಿ ಕಳಿಸಿದರು. ಅಜ್ಜಿಯ ಮುಂದೆ ನನ್ನ ಓದು ಏನೇನೂ ಅಲ್ಲ.

ಶ್ರಾವಣದ ಉಪವಾಸ

ನಿಜವಾದ ಸಂಕಟ ಬೇರೆಯೇ ಇತ್ತು. ಬಂದಾಗಿನಿಂದ ಮುದ್ದೆ ಏನೂ ತಿಂದಿರಲಿಲ್ಲ. ಇಲಿ ಹಿಡಿದು ಕೂತರೆ ಹತ್ತಿರ ಬಂದು ನಾಲಿಗೆ ಆಡಿಸಿ, ಮುಖ ತಿರುಗಿಸಿ ಚಿಪ್ಪು ಸೇರುತ್ತಿತ್ತು. ಈ ಜಾತಿಗೆ ಊಟ ಬಿಡುವ ಅಭ್ಯಾಸ ಉಂಟು, ಆದರೆ ಮರಿ ಸೊರಗಬಾರದು. ಅಪ್ಪ ಯಾರಿಗೂ ಗೊತ್ತಾಗದಂತೆ ಅದನ್ನು ಬಟ್ಟೆ ಚೀಲದಲ್ಲಿ ಅಂಗಡಿಗೆ ಒಯ್ದು, ಬೀಜ ತೂಗುವ ತಕ್ಕಡಿಯಲ್ಲಿಟ್ಟು ತೂಗಿ ತರುತ್ತಿದ್ದರು. ಪ್ರತಿ ಸಲ ಬಂದು, "ಸ್ವಲ್ಪ ಇಳಿದೈತೆ" ಅನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಗೆಳತಿಯೂ ಫೋನಿನಲ್ಲಿ, "ನಿಮ್ಮನೆಗೆ ಹೊಂದ್ಲಿಲ್ಲ ಅನ್ಸುತ್ತೆ ಕಣೇ, ವಾಪಸ್ ತಂದ್ಬಿಡು" ಅಂದಳು.

ಅಜ್ಜಿಗೆ ಮಾತ್ರ ಚಿಂತೆಯಿಲ್ಲ. "ಶ್ರಾವಣ ಅಲ್ವೇನೇ? ಉಪವಾಸ ಹಿಡಿದೈತೆ, ಬಿಡು."

ಇದು ಅಮ್ಮನಿಗೆ ನಾಟಿಬಿಟ್ಟಿತು. ಶ್ರಾವಣ ಸೋಮವಾರ ಒಪ್ಪತ್ತು ಅಂತ ಹೇಳಿ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಬಂದಿದ್ದು ಅಂಗಿಯ ಎಣ್ಣೆ ಕಲೆಯಿಂದ ಪತ್ತೆಯಾದ ದಿನ, ಅಮ್ಮ ಅವರನ್ನು ಕೈಹಿಡಿದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು: "ನೋಡ್ರಿ, ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಬಾಯಿ ಹೆಂಗೆ ಕಟ್ಟೈತೆ ನೋಡ್ರಿ!"

ಬಿಸಿ ಬಿಸಿ

ಶ್ರಾವಣ ಮುಗಿಯಿತು. ಮುದ್ದೆಯ ಉಪವಾಸ ಮುಗಿಯಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಕೊನೆಯ ಸಲ ಪ್ರಯತ್ನಿಸಿದೆ. ಮರುದಿನ ಬೆಳಗಿನ ಶಿವಮೊಗ್ಗ ಬಸ್ಸಿಗೆ ಡಬ್ಬಿ ಪಕ್ಕದಲ್ಲೇ ತಯಾರಿತ್ತು. ಇಕ್ಕಳದಲ್ಲಿ ಇಲಿ ಹಿಡಿದು ಕೂತೆ. ಮುದ್ದೆ ಬಂತು, ಮೂಸಿತು, ಮುಖ ತಿರುಗಿಸಿತು. ನನಗೆ ಅಳು ತಡೆಯಲಾಗಲಿಲ್ಲ.

ಕರ್ಚಿಕಾಯಿ ಹಿಟ್ಟಿನ ಕೈಯಲ್ಲೇ ಅಮ್ಮ ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿದರು, ಹಾವನ್ನು ನೋಡಿದರು. ಆಮೇಲೆ, ಈರುಳ್ಳಿಯನ್ನೂ ಶ್ರಾವಣದಲ್ಲಿ ಮುಟ್ಟದ ನನ್ನ ಅಮ್ಮ, ದೋಸೆ ಹಂಚು ಕಾದಿದೆಯೇ ಅಂತ ನೋಡುವ ಹಾಗೆ ಒಂದು ಬೆರಳು ಚಾಚಿ ಇಲಿಯನ್ನು ಮುಟ್ಟಿದರು.

"ಅಯ್ಯೋ ನಿನ್ನ! ತಣ್ಣಗೈತಲ್ಲೇ ಇದು!"

"ಬಿಸಿನೀರಲ್ಲಿ ಇಟ್ಟಿದ್ದೆ ಅಮ್ಮ..."

"ಇಟ್ಟಿದ್ದು ಹಿತ್ತಲಾಗೆ. ಊರೆಲ್ಲ ಮೆರವಣಿಗೆ ಮಾಡ್ಕೊಂಡು ಬರೋ ಹೊತ್ತಿಗೆ ಬಿಸಿ ಎಲ್ಲಿರ್ತೈತೆ? ಆರಿದ್ದನ್ನ ಬಡಿಸಿದ್ರೆ ಯಾರು ಉಣ್ತಾರೆ? ನೀ ಉಣ್ತೀಯಾ ಆರಿದ ರೊಟ್ಟಿ?"

ಬೇಟೆಯ ಬಿಸಿಯಿಂದಲೇ ಈ ಹಾವು ಅದನ್ನು ಗುರುತಿಸುತ್ತದೆ ಅಂತ ನಾನು ಓದಿದ್ದೆ. ಸಂಕೋಚದಲ್ಲಿ ಸುತ್ತಿ ಬರುವುದರೊಳಗೆ ಅದು ಆರುತ್ತದೆ ಅಂತ ಹೊಳೆದಿರಲಿಲ್ಲ.

ಅಮ್ಮ ಅಟ್ಟದಿಂದ ಹಳೇ ಅಲ್ಯುಮಿನಿಯಂ ಪಾತ್ರೆ ಇಳಿಸಿದರು. ಕರ್ಚಿಕಾಯಿಯ ಬಾಣಲೆ ಬದಿಗಿಟ್ಟು ಅದೇ ಒಲೆಯ ಮೇಲೆ ನೀರು ಕಾಸಿದರು. ಅಜ್ಜಿ ಎದ್ದು ಹೋಗಿ ಮೆಲ್ಲಗೆ ದೇವರಮನೆಯ ಬಾಗಿಲು ಮುಚ್ಚಿ ಬಂದರು. ಅಮ್ಮ ಪಾತ್ರೆಯನ್ನು ಅಡಿಗೆಮನೆಯ ಹೊಸ್ತಿಲು ದಾಟಿಸಿಕೊಂಡು ನಡುಮನೆಯಲ್ಲೇ ನೇರ ನನ್ನ ರೂಮಿಗೆ ತಂದಿಟ್ಟರು. ಇಲಿಯನ್ನು ಮತ್ತೆ ಕವರಿಗೆ ಹಾಕಿ ಅದರೊಳಗೆ ಬಿಟ್ಟೆ. "ಇನ್ನೂ ಇರ್ಲಿ... ಹ್ಞಾಂ, ಈಗ ತೆಗಿ. ಬೇಗ!" ಅಂದರು ಅಮ್ಮ.

ಇಕ್ಕಳ ಒಳಗೆ ಹೋಗಿದ್ದಷ್ಟೇ. ಮುದ್ದೆ ಬಾಣದಂತೆ ಎಗರಿ ಹಿಡಿದು, ಕ್ಷಣದಲ್ಲಿ ಸುತ್ತಿಕೊಂಡಿತು. ಅಜ್ಜಿ, ಅಪ್ಪ, ಅಮ್ಮ, ನಾನು ಗಾಜಿನ ಹತ್ತಿರ ಬಗ್ಗಿ ನಿಂತೆವು. ಇಷ್ಟಿಷ್ಟೇ ನುಂಗಿ, ದೊಡ್ಡದಾಗಿ ಆಕಳಿಸಿ, ಅದು ಚಿಪ್ಪಿನ ಕಡೆ ತಿರುಗಿತು.

"ನಾ ಹೇಳ್ಲಿಲ್ವಾ, ಶ್ರಾವಣ ಮುಗೀಲಿ ಅಂತ?" ಅಂದರು ಅಜ್ಜಿ.

ಅಪ್ಪ ಕಾಲಿನಿಂದ ಬಸ್ಸಿನ ಡಬ್ಬಿಯನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದರು. ನಾನು ಅಮ್ಮನ ಮುಖ ನೋಡಿದೆ. ಅವರ ಕಣ್ಣು ಇನ್ನೂ ಪೆಟ್ಟಿಗೆಯ ಮೇಲೇ ಇತ್ತು.

"ಇನ್ನೊಂದು ಹಾಕು" ಅಂದರು.

"ಒಂದೇ ಸಾಕಮ್ಮ ಅದಕ್ಕೆ. ನೋಡು, ಒಳಗೆ ಹೋಗ್ತಾ ಇದೆ."

"ನಿಂಗೇನು ಗೊತ್ತಾಗ್ತೈತೆ? ಒಂದರಾಗೆ ಹೊಟ್ಟೆ ತುಂಬ್ತೈತಾ? ಕೇಳಾಕೆ ಸಂಕೋಚ ಅದಕ್ಕೆ, ಥೇಟ್ ನಿನ್ನಂಗೆ!"