ಭಾವನ ಗಾಳಿ ಲೆಕ್ಕ

ಹೆಂಡತಿಯ ತಮ್ಮನ ಮೇಲೆ ಜನ ಏನೇನೋ ಆರೋಪ ಹೊರಿಸುತ್ತಾರೆ. ಗಾಳಿ ಕಳಿಸಿದ ಆರೋಪ ಹೊರಿಸಿದವರು, ನಾನು ಕಂಡಂತೆ, ನಮ್ಮ ಭಾವ ಒಬ್ಬರೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು, ನಿವೃತ್ತರಾದ ಮೇಲೆ ವಡೋದರದ ಮಂಜಲ್‌ಪುರದಲ್ಲೇ ಉಳಿದವರು. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಅಹಮದಾಬಾದಿಗೆ ಬಂದು ವಟ್ವಾದ ಹತ್ತಿರ ಮನೆ ಹಿಡಿದಾಗ, ಅಂತೂ ಹತ್ತಿರ ಬಂದೆಯಲ್ಲ ಎಂದು ಅಕ್ಕ ಸಂತೋಷಪಟ್ಟಳು. ಭಾವ ಕೇಳಿದ್ದು ಒಂದೇ ಮಾತು: "ಬಾಲ್ಕನಿ ಉಂಟಾ?"

ಮುಂದಿನ ಭಾನುವಾರ ಅಂಗೈಯಗಲದ ಒಂದು ಪೆಟ್ಟಿಗೆ ಹಿಡಿದು ಹಾಜರಾದರು. ಕಣ್ಣಿಗೆ ಕಾಣದ, ಆದರೆ ಶ್ವಾಸಕೋಶದ ತಳದವರೆಗೂ ಇಳಿಯುವ ನವಿರಾದ ದೂಳನ್ನು ಅಳೆಯುವ ಪೆಟ್ಟಿಗೆ ಅದು. ಇನ್ನೊಂದು ಅವರ ಮನೆಯ ಕಿಟಕಿಯ ಹೊರಗೆ, ಮೂರನೆಯದು ಸೂರತ್ತಿನ ಉಧ್ನಾದಲ್ಲಿ ಹೋಟೆಲು ನಡೆಸುವ ಅವರ ತಮ್ಮನ ತಾರಸಿಯಲ್ಲಿ. ಮೂರು ಊರಿನ ಅಂಕಿಗಳನ್ನೂ ಗಾಳಿಯ ದಿಕ್ಕು, ವೇಗಗಳನ್ನೂ ಲ್ಯಾಪ್‌ಟಾಪಿಗೆ ಉಣಿಸಿದರೆ, ಯಾವ ಊರಿನ ಹೊಗೆ ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಲೆಕ್ಕ ಬರುತ್ತದಂತೆ. ಅರವತ್ತು ದಾಟಿದ ಮೇಲೆ ಈ ವಿದ್ಯೆ ಕಲಿತ ಮನುಷ್ಯನನ್ನು ಏನನ್ನೋಣ?

ಚಳಿಗಾಲದಲ್ಲಿ ಇಲ್ಲಿ ಗಾಳಿ ಬಡಗಿನ ಅಹಮದಾಬಾದಿನಿಂದ ವಡೋದರ ದಾಟಿ ತೆಂಕಿನ ಸೂರತ್ತಿನ ಕಡೆಗೆ ಬೀಸುತ್ತದೆ. ನನ್ನ ಗ್ರಹಚಾರ ಶುರುವಾದದ್ದು ಆಗಲೇ. ಒಂದು ಬೆಳಿಗ್ಗೆ ಫೋನು ಬಂತು.

"ಎಂತ ಮಾಡ್ತಾ ಇದ್ದಿ ಮಾರಾಯ?"

"ಕಾಫಿ ಕುಡೀತಾ ಇದ್ದೇನೆ ಭಾವ."

"ಕುಡಿ, ಕುಡಿ. ನಿನ್ನೆ ಸಾಯಂಕಾಲ ನಿಮ್ಮಲ್ಲಿಂದ ಹೊರಟದ್ದು ಈಗ ನಮ್ಮನೆಗೆ ಬಂದು ಮುಟ್ಟಿತು."

ನಾನು ಏನೂ ಕಳಿಸಿರಲಿಲ್ಲ. ಹೆಂಡತಿ ನನಗೆ ತಿಳಿಸದೆ ಉಪ್ಪಿನಕಾಯಿ ಕಳಿಸಿರಬೇಕೆಂದುಕೊಂಡು, "ಹಾಳಾಗದೆ ಬಂತಾ?" ಎಂದೆ. "ಹೊಗೆ ಮಾರಾಯ, ನಿಮ್ಮೂರಿನ ಹೊಗೆ!" ಎಂದು ಭಾವ ಫೋನು ಇಟ್ಟರು.

ಬೇಸಿಗೆಯಲ್ಲಿ ಗಾಳಿ ತಿರುಗಿತು, ನಾನು ನಿರಪರಾಧಿಯಾದೆ. ಈಗ ಸರದಿ ಸೂರತ್ತಿನ ತಮ್ಮನದು. ವಿಚಾರಣೆಗೆ ಭಾವ ಸೂರತ್ತಿಗೇ ಹೊರಟರು, ಸಾಕ್ಷಿಗೆ ನಾನು. ಬೆಳಗಿನ ತಿಂಡಿಯ ಹೊತ್ತು, ಹೋಟೆಲು ತುಂಬಿತ್ತು. ಭಾವ ಗಲ್ಲಾಪೆಟ್ಟಿಗೆಯ ಎದುರೇ ನಿಂತು, ಈ ಊರಿನ ಹೊಗೆ ಅಹಮದಾಬಾದಿನವರೆಗೆ ಹೇಗೆ ಹೋಗುತ್ತದೆಂದು ಹಿಂದಿಯಲ್ಲಿ ವಿವರಿಸತೊಡಗಿದರು.

"ಅಣ್ಣ, ಗಿರಾಕಿಗಳ ಎದುರು ಎಂತ ಮಾತಾಡುದು ನೀವು?" ಎಂದು ತಮ್ಮ ಬೇಡಿಕೊಂಡ.

"ಚಳಿಯಲ್ಲಿ ಇವರು ಉಸಿರಾಡಿದ್ದು ಅಹಮದಾಬಾದಿನ ಗಾಳಿ. ಅದೂ ಗೊತ್ತಾಗಬೇಕಲ್ಲ?"

ಇಡ್ಲಿಯನ್ನು ಬಾಯಿಯ ಹತ್ತಿರ ಹಿಡಿದಿದ್ದ ಗುಜರಾತಿ ಹಿರಿಯರೊಬ್ಬರು ಗಾಬರಿಯಾಗಿ ಕೇಳಿದರು: "ಚಟ್ನಿಯಾದರೂ ಇಲ್ಲಿಯದೇ ತಾನೆ?"

ಹೀಗೆ ನಗುತ್ತಲೇ ಇದ್ದ ನಾನು ದಂಗಾಗಿ ಕೂತದ್ದು ಮರುವರ್ಷದ ಚಳಿಯಲ್ಲಿ, ಅಕ್ಕನ ಮನೆಗೆ ಹೋದಾಗ. ಅವತ್ತು ಎಲೆಯೂ ಅಲುಗದಷ್ಟು ಗಾಳಿ ನಿಂತಿತ್ತು. ಭಾವ ಪೂಜೆ ಮುಗಿಸಿ, ಎಂದಿನಂತೆ ಮನೆಯೆಲ್ಲ ಧೂಪ ತೋರಿಸಿ, ಲ್ಯಾಪ್‌ಟಾಪಿನ ಮುಂದೆ ಕೂತರು. ಅಹಮದಾಬಾದಿನ ಅಂಕಿ ಇಳಿದಿತ್ತು, ಸೂರತ್ತಿನದೂ ಇಳಿದಿತ್ತು. ಮಂಜಲ್‌ಪುರದ್ದು ನಮ್ಮ ಕಣ್ಣೆದುರೇ ಏರುತ್ತ ಹೋಯಿತು.

"ನಿಮ್ಮೂರಿನ ಪಾಲು ಕಳೆದೆ, ತಮ್ಮನ ಊರಿನದೂ ಕಳೆದೆ. ಮತ್ತೂ ಇಷ್ಟು ಉಳಿಯುತ್ತದಲ್ಲ ಮಾರಾಯ, ಇದು ಯಾರದ್ದು?"

ಹಿಂದಿನ ದಿನಗಳನ್ನು ತೆರೆದು ನೋಡಿದರು. ಪ್ರತಿದಿನ ಬೆಳಿಗ್ಗೆ ಇದೇ ಹೊತ್ತಿಗೆ ಅದೇ ಏರು.

ಅಡುಗೆಮನೆಯಿಂದ ಬಂದ ಅಕ್ಕ, ಆ ಪರದೆಯನ್ನು ಒಂದು ದಿನವೂ ನೋಡದವಳು, ಕೆಮ್ಮುತ್ತ ಕಿಟಕಿಯ ಕಡೆ ಕೈ ತೋರಿಸಿ, "ನಿಮ್ಮ ಧೂಪ ಅಲ್ವಾ ಅದು?" ಎಂದಳು.

ದೇವರ ಕೋಣೆಯ ಕಿಟಕಿಯಿಂದ ಸಾಂಬ್ರಾಣಿಯ ಹೊಗೆ ಪೆಟ್ಟಿಗೆಯನ್ನು ಸವರಿಕೊಂಡು ಹೋಗುತ್ತಿತ್ತು.

ಭಾವ ಲ್ಯಾಪ್‌ಟಾಪು ಬಿಟ್ಟು ಅಕ್ಕನ ಕಡೆ ತಿರುಗಿ ಕೇಳಿದರು: "ನಿಂಗೆ ಕೆಮ್ಮು ಜೋರಾಗುದು ಯಾವಾಗ?"

"ಪೂಜೆ ಆದ ಮೇಲೆ, ತಿಂಡಿ ಮಾಡುವಾಗ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಅಹಮದಾಬಾದಿನದ್ದು ಅಂತ ಹೇಳಿದ್ರಲ್ಲ."

ಅಕ್ಕ ಹಿಂದೊಮ್ಮೆ ಹೇಳಿದ್ದು ಆಗ ನನಗೆ ಅರ್ಥವಾಯಿತು. ಕೆಲವು ವರ್ಷಗಳ ಹಿಂದೆ ಡಾಕ್ಟರು ಅಕ್ಕನ ಎದೆ ಪರೀಕ್ಷಿಸಿ, ಮನೆಯಲ್ಲಿ ಹೊಗೆ ಏನಾದರೂ ಇದೆಯೇ ಎಂದು ಕೇಳಿದ್ದರಂತೆ. ಬೀಡಿ ಸಿಗರೇಟು ಮುಟ್ಟದ ಭಾವ ಇಲ್ಲವೇ ಇಲ್ಲ ಎಂದಿದ್ದರು. ಮನೆಯಲ್ಲಿ ಇಲ್ಲದ ಹೊಗೆ ಇವಳ ಎದೆಗೆ ಎಲ್ಲಿಂದ ಬಂತೆಂದು ಹುಡುಕಲು ಹೊರಟವರು ಮೂರು ಊರು ಸುತ್ತಿದ್ದರು. ಅವರ ಲೆಕ್ಕವೇನೂ ಸುಳ್ಳಾಗಿರಲಿಲ್ಲ. ಗಾಳಿಯಿದ್ದ ದಿನ ನಮ್ಮೂರಿನದ್ದೂ ಹೋಗಿ ಮುಟ್ಟುತ್ತಿತ್ತು.

ಭಾವ ಎದ್ದು, ಧೂಪದ ಕೆಂಡಕ್ಕೆ ನೀರು ಹೊಯ್ದು ಬಂದರು. ಅಕ್ಕನ ಕೈಯಿಂದ ಸಟ್ಟುಗ ತೆಗೆದುಕೊಂಡು, "ನೀನು ಸ್ವಲ್ಪ ಹೊರಗೆ ಕೂತ್ಕೊ" ಎಂದರು. ಅವರು ಕಾವಲಿಯ ಮುಂದೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೊದಲನೆಯ ದೋಸೆ ಏಳಲೇ ಇಲ್ಲ. ಎರಡನೆಯದು ಮೂರು ತುಂಡಾಯಿತು. ಅದನ್ನೇ ತಟ್ಟೆಗೆ ಹಾಕಿ ವರಾಂಡಕ್ಕೆ ತಂದು, ಅಕ್ಕನ ಮುಂದೆ ಹಿಡಿದು ನಿಂತರು.

ಅಕ್ಕ ಒಂದು ಚೂರು ಬಿಡದೆ ತಿಂದು, "ಇನ್ನೊಂದು ಹಾಕಿ" ಎಂದಳು.