ಅರ್ಧಕ್ಕೇ ನಿಂತ ಅತ್ತೆಯ ಮಾತು

ನಮ್ಮ ಕಚೇರಿಯಲ್ಲಿ ನನ್ನನ್ನು ‘ಸಿಸ್ಟಂ ಸಾರ್’ ಎನ್ನುತ್ತಾರೆ. ಒಮ್ಮೆ ಪ್ರಿಂಟರ್ ಮುಷ್ಕರ ಹೂಡಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನಾನು ಅದಕ್ಕೆ ಕಾಗದ ಹಾಕಿದೆ. ಅದು ಓಡಿತು. ಬಿರುದು ಅಂದೇ ಬಂತು. ಮನೆಯಲ್ಲಿ ಮಾತ್ರ ಈ ಪಾಂಡಿತ್ಯಕ್ಕೆ ಕವಡೆ ಕಿಮ್ಮತ್ತಿಲ್ಲ. (ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ನನ್ನನ್ನು ನೋಡಿಯೇ ಹೇಳಿರಬೇಕು.)

ಹಾಗಾಗಿ ಮೊನ್ನೆ ಭಾನುವಾರ ನನ್ನ ಹೆಂಡತಿ ತಾನಾಗಿಯೇ ಬಂದು, “ರೀ, ಕಂಪ್ಯೂಟರಿನಲ್ಲಿ ಒಂದು ಕೆಲಸ ಆಗ್ಬೇಕಿತ್ತು” ಎಂದಾಗ ನನ್ನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತು.

ನಮ್ಮ ಮನೆಯಲ್ಲಿ ಕೆಲವು ದಿನ ಇದ್ದ ಮಾವನವರು ಅಂದು ಸಂಜೆಯ ಬಸ್ಸಿಗೆ ಹಿರಿಯ ಮಗಳ ಮನೆಗೆ ಹೊರಟಿದ್ದರು. ಅತ್ತೆಯವರು ತೀರಿಕೊಂಡು ವರ್ಷವಾಗಿತ್ತು. ಅವರಿದ್ದಾಗ ತೆಗೆದ ವಿಡಿಯೋಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿದ್ದವು. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಮಾವನವರು ಅಲ್ಲಿನ ಟಿವಿಯಲ್ಲಿ ನೋಡಬಹುದು. ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ ಅವರು. ಈ ಸಲ ಕೇಳಿದ್ದರು. “ಅವಳ ದನಿ ಮರೆತು ಹೋಗ್ತಿದೆ ಮಗಳೇ” ಎಂದಿದ್ದರಂತೆ.

“ಇದೇನು ಮಹಾ! ಎಳಿ, ಬಿಡು, ಮುಗೀತು” ಎಂದೆ.

ಎಳೆದೆ. ಬಿಟ್ಟೆ. ಮುಗಿಯಲಿಲ್ಲ. ಹಸಿರು ಪಟ್ಟಿ ಅರ್ಧ ದಾರಿಯವರೆಗೆ ಹುರುಪಿನಿಂದ ಹೋಗಿ, ಏನೋ ಮರೆತವರ ಹಾಗೆ ನಿಂತುಬಿಟ್ಟಿತು. ಫೈಲುಗಳಿದ್ದ ಕಿಟಕಿ ಬಿಳಚಿಕೊಂಡಿತು. ಗಾಣದೆತ್ತಿನಂತೆ ನೀಲಿ ಉಂಗುರವೊಂದು ಸುತ್ತತೊಡಗಿತು. ಮೇಲೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಬರಹ ಮೂಡಿತು.

“ನೀವು ಪೇಪರ್ ಓದ್ತಿರುವಾಗ ನಾನು ಕರೆದ್ರೆ ಹೀಗೇ ಆಗುತ್ತೆ” ಎಂದಳು ಹೆಂಡತಿ.

“ಸುಮ್ನಿರೇ, ಫ್ರೀಜ್ ಆಗಿದೆ ಅಷ್ಟೇ.”

ಕಿವಿ ಕೊಂಚ ಮಂದವಾಗಿರುವ ಮಾವನವರು ಹಜಾರದಿಂದಲೇ ಗಾಬರಿಯಾದರು. “ಫ್ರಿಜ್ ಕೆಟ್ಟಿತಾ? ಹಾಲು ಕಾಯಿಸಿಡು ಮಗಳೇ!”

ನಾನು ಚಿಕಿತ್ಸೆ ಆರಂಭಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಪೆನ್‌ಡ್ರೈವನ್ನು ಕಿತ್ತು, ಊದಿ, ಬೇರೆ ತೂತಿಗೆ ಚುಚ್ಚಿದೆ. ವೈರಸ್ ಕಾಯುವ ದ್ವಾರಪಾಲಕನಿಗೆ ರಜೆ ಕೊಟ್ಟೆ. ಹಸಿರು ಪಟ್ಟಿ ಪ್ರತಿ ಸಲವೂ ಅಲ್ಲೇ ಬಂದು ಮುಗ್ಗರಿಸಿತು. ಕೊನೆಗೆ ಮೇಜಿನಡಿಗೆ ತೂರಿ, ಕಾರಣವಿಲ್ಲದೆ ಎಲ್ಲ ವೈರುಗಳನ್ನೂ ಒಮ್ಮೆ ಒತ್ತಿ ಬಂದೆ. ತಲೆಗೊಂದು ಬುಗುಟು ಬಂದದ್ದೇ ಲಾಭ.

“ಇನ್ನೇನು ದಾರಿ?” ಎಂದಳು.

“ಎಲ್ಲಾ ಅಳಿಸಿ, ಮೊದಲಿಂದ ಹೊಸದಾಗಿ ಸಿಸ್ಟಂ ಹಾಕೋದು” ಎಂದೆ ಗಂಭೀರವಾಗಿ.

“ಎಲ್ಲಾ ಅಂದ್ರೆ? ಅಮ್ಮನ್ನೂನಾ?”

ಆ ಪ್ರಶ್ನೆಗೆ ನಾನೂ ಪ್ರತಿಕ್ರಿಯಿಸಲಿಲ್ಲ. ಅವಳ ಕಣ್ಣು ತುಂಬಿದ್ದು ಕಂಡು, ಕುರ್ಚಿ ಬಿಟ್ಟು ಎದ್ದೆ.

ಅವಳು ಕೂತಳು. “ಎಲ್ಲಾ ಒಟ್ಟಿಗೆ ಯಾಕೆ ಸುರೀತೀರಿ? ಅಕ್ಕೀಲಿ ಕಲ್ಲಿದ್ರೆ ಮೂಟೆನೇ ಎಸೀತಾರಾ?” ಎನ್ನುತ್ತಾ ಕೆಲವೇ ಕೆಲವು ಫೈಲು ಆರಿಸಿ ಕಳಿಸಿದಳು. ಹೋದವು. ಇನ್ನಷ್ಟು ಕಳಿಸಿದಳು. ಅವೂ ಹೋದವು. ಹೀಗೆ ಆರಿಸುತ್ತಾ ಹೋಗಿ ಕಲ್ಲನ್ನು ಹಿಡಿದೇಬಿಟ್ಟಳು. ಒಂದೇ ಒಂದು ವಿಡಿಯೋ. ಮಿಕ್ಕವೆಲ್ಲ ಸುಖವಾಗಿ ದಾಟಿದ್ದವು.

“ಇದು ಡಿಸ್ಕಿನಲ್ಲೇ ಕೆಟ್ಟಿದೆ, ಬಿಟ್ಬಿಡು” ಎಂದೆ.

“ನೋಡದೇ ಹೇಗೆ ಬಿಡ್ಲಿ?” ಎಂದು ಒತ್ತಿದಳು.

ಅತ್ತೆಯವರು ತೆರೆಯ ಮೇಲೆ ಬಂದರು. ಕೈಯಲ್ಲಿ ಸೌಟು, ಮುಖದ ತುಂಬಾ ನಗು. ದನಿ ಕೇಳಿ ಮಾವನವರು ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

“ನಮ್ಮ ಅಳಿಯಂದಿರು ಬಂಗಾರದಂಥವರು” ಎಂದರು ಅತ್ತೆ. (ನಾನು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದೆ.) “ಆದ್ರೆ ಅವರ ಕೈಗೆ ಸ್ಕ್ರೂಡ್ರೈವರ್ ಮಾತ್ರ ಸಿಗಬಾರದು. ನಮ್ಮ ಮಿಕ್ಸಿ ರಿಪೇರಿಗೆ ಕೂತ್ರು. ಈಗ ಸ್ವಿಚ್ ಹಾಕಿದ್ರೆ ಸುಮ್ನಿರುತ್ತೆ, ತೆಗೆದ್ರೆ ತಿರುಗುತ್ತೆ! ಆಮೇಲೇನಾಯ್ತು ಗೊತ್ತಾ...”

ಅಷ್ಟೇ. ಬಾಯಿ ತೆರೆದಂತೆಯೇ ಅತ್ತೆ ನಿಂತುಬಿಟ್ಟರು. ಹೆಂಡತಿ ಮತ್ತೆ ಹಾಕಿದಳು. ಮತ್ತೆ ಅದೇ ಮಾತಿಗೆ ನಿಂತಿತು.

“ಆಮೇಲೆ ಅದರ ಮುಚ್ಚಳ ಹಾರಿ ನನ್ನ ಬೋಳು ತಲೆ ಮೇಲೆ ಬಿತ್ತು” ಎಂದರು ಹಿಂದಿನಿಂದ ಮಾವನವರು. “ಚಟ್ನಿ ಸಮೇತ! ಒರೆಸೋದು ಬಿಟ್ಟು ನೆಲದ ಮೇಲೆ ಕೂತು ನಕ್ಕಿದ್ದಳು, ನಿಮ್ಮಮ್ಮ.” ಹೇಳುತ್ತಾ ನಗತೊಡಗಿದರು. ನಗುತ್ತಾ ಕಣ್ಣೊರೆಸಿಕೊಂಡರು. ವರ್ಷದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಹೆಂಡತಿ ಮೊಬೈಲ್ ತಂದಳು. “ಕಾಪಿ ಆಗದಿದ್ರೆ ಬೇಡ. ಅಪ್ಪಾ, ಇಲ್ಲಿ ಕೂತ್ಕೋ” ಎಂದು ತೆರೆಯ ಪಕ್ಕದಲ್ಲೇ ಅವರನ್ನು ಕೂರಿಸಿದಳು. ಅತ್ತೆ ಅರ್ಧ ಹೇಳಿದರು, ಮಾವ ಪೂರ್ತಿ ಮಾಡಿದರು. ಇಬ್ಬರನ್ನೂ ಒಂದೇ ವಿಡಿಯೋದಲ್ಲಿ ಹಿಡಿದು ಪೆನ್‌ಡ್ರೈವಿಗೆ ಸೇರಿಸಿದಳು. “ತಪ್ಪು ನಂದಲ್ಲ, ಮಿಕ್ಸಿಯ ವೈರಿಂಗೇ ಉಲ್ಟಾ ಇತ್ತು” ಎಂದು ಮಧ್ಯೆ ನಾನು ಕೂಗಿದ್ದೂ ಅದರಲ್ಲಿ ಸ್ಪಷ್ಟವಾಗಿ ದಾಖಲಾಯಿತು.

ಮೂರೇ ದಿನಕ್ಕೆ ಷಡ್ಡಕನ ಫೋನು ಬಂತು. “ನಮ್ಮನೆಗೆ ಬನ್ನಿ ಸಾರ್. ಉಣ್ಣಿ, ಮಲಗಿ, ಮಾತಾಡಿ. ಆದ್ರೆ ದಯವಿಟ್ಟು ಏನನ್ನೂ ಮುಟ್ಟಬೇಡಿ.” ಇಡೀ ಬಂಧುವರ್ಗ ಸಾಲಾಗಿ ಕೂತು ನೋಡಿತ್ತಂತೆ. ಮಾವನವರು ಊಟವಾದ ಮೇಲೆ ದಿನಾ ಅದೊಂದನ್ನೇ ಹಾಕಿಸಿಕೊಳ್ಳುತ್ತಾರಂತೆ.

ನಿನ್ನೆ ಸಂಜೆ ಹೆಂಡತಿ ಬಹಳ ನಯವಾಗಿ ಹತ್ತಿರ ಬಂದಳು. “ರೀ, ಅಪ್ಪ ಫೋನ್ ಮಾಡಿದ್ರು. ಅಳಿಯಂದಿರು ಹೊಸದಾಗಿ ಏನಾದ್ರೂ ರಿಪೇರಿ ಮಾಡಿದ್ರಾ ಅಂತ ಕೇಳ್ತಿದ್ರು.”

ಅವಳ ಒಂದು ಕೈಯಲ್ಲಿ ನಮ್ಮ ಇಸ್ತ್ರಿಪೆಟ್ಟಿಗೆ, ಸ್ಕ್ರೂಡ್ರೈವರ್. ಇನ್ನೊಂದು ಕೈಯಲ್ಲಿ ಮೊಬೈಲ್, ಆಗಲೇ ನನ್ನ ಮುಖದ ಕಡೆಗೆ ತಿರುಗಿತ್ತು.

“ಕೆಟ್ಟಿದೆಯಾ?” ಎಂದೆ.

“ಇನ್ನೂ ಇಲ್ಲ” ಎಂದಳು.

ಏನು ಮಾಡಲಿ? ಮಾವನವರ ಮುಖ ನೆನೆದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.