ತಿರಸ್ಕರಿಸುವಷ್ಟು ಪುರಾವೆ ಸಿಕ್ಕಿಲ್ಲ

ಯಲಹಂಕದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಲೇ ನನ್ನ ತಲೆ ನರೆತಿದೆ. ಈ ವಿಷಯ ಪುಸ್ತಕದೊಳಗೆ ಇರುವಷ್ಟು ಹೊತ್ತು ಗಂಭೀರ. ಹೊರಗೆ ಕಾಲಿಟ್ಟಿತೋ, ಏನಾದರೊಂದು ಆಗಿಯೇ ತೀರುತ್ತದೆ.

ಗಂಟೆಯ ಗೆರೆ

ನಾರ್ಮಲ್ ಡಿಸ್ಟ್ರಿಬ್ಯೂಷನ್ ಪಾಠ. ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಥೇಟ್ ಗಂಟೆಯ ಆಕಾರ. ಬೋರ್ಡಿನ ಮೇಲೆ ಬರೆದು, ಉದಾಹರಣೆ ಕೇಳಿದೆ.

ಹಿಂದಿನ ಬೆಂಚಿನವನು ಎದ್ದ. "ನಾವು ಕ್ಲಾಸಿಗೆ ಬರೋ ಟೈಮು ಮೇಡಂ. ಒಂದಿಬ್ರು ತುಂಬಾ ಬೇಗ, ಒಂದಿಬ್ರು ತುಂಬಾ ಲೇಟು, ಮಿಕ್ಕೋರೆಲ್ಲ ಮಧ್ಯದಲ್ಲಿ."

ಎದೆ ಉಬ್ಬಿತು. "ಭೇಷ್. ಇದ್ರಲ್ಲಿ ನೀನೆಲ್ಲಿದೀಯ, ತೋರ್ಸು" ಅಂದೆ.

ಬಂದವನು ಗೆರೆಯ ಮೇಲೆ ಬೆರಳಿಟ್ಟು ಬಲಕ್ಕೆ ನಡೆದ. ಗೆರೆ ಮುಗಿಯಿತು, ಬೋರ್ಡೂ ಮುಗಿಯಿತು. ಬಾಗಿಲ ಪಕ್ಕದ ಗೋಡೆ ಮುಟ್ಟಿ, "ಇಲ್ಲಿ ಮೇಡಂ. ಹೆಬ್ಬಾಳದ ಟ್ರಾಫಿಕ್ ದಾಟಿ ಬರ್ಬೇಕಲ್ಲ" ಅಂದ.

ಅಮ್ಮನ ಮಿಕ್ಸಿ

ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದಾಗಲೇ ಕರೆಂಟು ಹೋಗುತ್ತದೆ ಅಂತ ಅವಳ ವಾದ. ಕಾಕತಾಳೀಯ ಅಂತ ನನ್ನ ವಾದ. "ಪರೀಕ್ಷೆ ಮಾಡೋಣ. ಒಂದು ವಾರ ಮಿಕ್ಸಿ ಮುಟ್ಬೇಡ" ಅಂದೆ. ಅಮ್ಮ ವಾರವಿಡೀ ಚಟ್ನಿಯಿಲ್ಲದೆ ಇಡ್ಲಿ ಬಡಿಸಿದಳು. ಕರೆಂಟು ಎಂದಿನಂತೆ ಹೋಯಿತು.

"ನೋಡಿದ್ಯಾ?" ಅಂದೆ, ಗೆದ್ದ ಜಂಬದಲ್ಲಿ.

"ನಾನು ಮಿಕ್ಸಿ ಹಾಕ್ಲಿಲ್ಲ ಅಂತ ಕರೆಂಟಿನವ್ರಿಗೆ ಹೇಗೆ ಗೊತ್ತಾಗ್ಬೇಕು? ಅಭ್ಯಾಸಬಲದಲ್ಲಿ ತೆಗೆದಿರ್ತಾರೆ" ಅಂದಳು ಅಮ್ಮ.

ಹುಡುಗಿಯ ಉತ್ತರ

ಅಂಕಿಅಂಶಗಳ ಪರೀಕ್ಷೆಯಲ್ಲಿ ಒಂದು ಊಹೆ ಪಾಸಾದರೂ "ಒಪ್ಪಿದೆ" ಅನ್ನಬಾರದು, "ತಿರಸ್ಕರಿಸುವಷ್ಟು ಪುರಾವೆ ಸಿಕ್ಕಿಲ್ಲ" ಅಂತಷ್ಟೇ ಹೇಳಬೇಕು. ಇದು ನಮ್ಮ ಶಾಸ್ತ್ರದ ಶಿಸ್ತು. ಇದನ್ನು ಮಕ್ಕಳ ತಲೆಗೆ ತುಂಬುವುದರಲ್ಲೇ ನನ್ನ ಗಂಟಲು ಒಣಗಿದೆ.

ರಾಜಾನುಕುಂಟೆಯ ನನ್ನ ಶಿಷ್ಯೆಯೊಬ್ಬಳನ್ನು ನೋಡಲು ಗಂಡಿನವರು ಬಂದು ಹೋದರು. ಮರುದಿನ ಅವಳ ಅಪ್ಪನ ಫೋನು.

"ಮೇಡಂ, ಹುಡ್ಗ ಒಪ್ಪಿಗೇನಾ ಅಂತ ಕೇಳಿದ್ರೆ, ತಿರಸ್ಕರಿಸೋ ಅಷ್ಟು ಪುರಾವೆ ಸಿಕ್ಕಿಲ್ಲ ಅಂತಾಳೆ. ಅವ್ರಿಗೆ ಏನಂತ ಏಳ್ಲಿ?"

ನನಗೆ ಕಣ್ಣು ತುಂಬಿ ಬಂತು. ಒಂದಕ್ಷರ ತಪ್ಪಿಲ್ಲ. "ಸರಿಯಾಗೇ ಹೇಳಿದಾಳೆ ಸಾರ್" ಅಂದೆ.

"ಅವ್ಳ ಬಾಯಲ್ಲಿ ಒಂದು ಹೂಂ ಅನ್ಸಕ್ಕಾಗಲ್ವಾ ಮೇಡಂ?"

"ಆ ಹೂಂ ಅನ್ನೋ ಅಭ್ಯಾಸ ಬಿಡಿಸೋದಕ್ಕೇ ನಾನು ಇಷ್ಟು ವರ್ಷ ಒದ್ದಾಡಿದ್ದು ಸಾರ್."

ಪುಣ್ಯಕ್ಕೆ, ಸುದ್ದಿ ಕೇಳಿದ ಹುಡುಗ ಇನ್ನೊಮ್ಮೆ ಭೇಟಿಯಾಗೋಣ ಅಂದ. ಭೇಟಿಯಾದರು, ಮಾತಾಡಿದರು, ಮದುವೆ ಗೊತ್ತಾಯಿತು. ಛತ್ರದಲ್ಲಿ ಹುಡುಗಿಯ ಅಪ್ಪ ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದು ನೆಂಟರಿಗೆಲ್ಲ ಪರಿಚಯಿಸಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

"ಇವ್ರೇ ಮೇಡಂ. ಇವ್ರು ಇಷ್ಟೆಲ್ಲ ಪಾಠ ಏಳ್ಕೊಟ್ರೂ ನಮ್ ಹುಡ್ಗಿಗೆ ಮದ್ವೆ ಆಯ್ತು ನೋಡಿ."